ಹಾಸ್ಯಪ್ರಜ್ಞೆ

ಹಾಸ್ಯಪ್ರಜ್ಞೆ ಎಂದರೆ ಮಾತು, ನಡೆ ಅಥವಾ ಸನ್ನಿವೇಶದಲ್ಲಿ ನಗೆಗೆ ಕಾರಣವಾಗುವ ಅಂಶವನ್ನು ಗುರುತಿಸುವ, ಅಂಥದ್ದನ್ನು ಹೊಸದಾಗಿ ಹುಟ್ಟಿಸುವ ಮತ್ತು ನಗೆ ತನ್ನ ಕಡೆಗೇ ತಿರುಗಿದಾಗ ತಾಳಿಕೊಳ್ಳುವ ಸಾಮರ್ಥ್ಯ. ಈ ಮೂರನ್ನೂ ಒಂದೇ ಗುಣವೆಂದು ಭಾವಿಸಿ 'ಅವರಿಗೆ ಹಾಸ್ಯಪ್ರಜ್ಞೆ ಇದೆ, ಇವರಿಗೆ ಇಲ್ಲ' ಎಂದು ತೀರ್ಪು ಕೊಡುವುದು ರೂಢಿ. ಆದರೆ ಮೂರೂ ಒಬ್ಬರಲ್ಲೇ ಸಮನಾಗಿ ಇರುವುದು ಕಡಿಮೆ. ಒಂದು ಬಳಗದಲ್ಲಿ ಇದ್ದದ್ದು ಇನ್ನೊಂದು ಬಳಗದಲ್ಲಿ ಕಾಣದೆ ಹೋಗುವುದೂ ಉಂಟು. ಆದ್ದರಿಂದ 'ಇಲ್ಲ' ಎಂಬ ತೀರ್ಪು ಬಹುಪಾಲು ಸಂದರ್ಭಗಳಲ್ಲಿ ವ್ಯಕ್ತಿಯ ಕೊರತೆಗಿಂತ ಹೆಚ್ಚಾಗಿ ವ್ಯಕ್ತಿ ಮತ್ತು ಬಳಗದ ನಡುವಿನ ದೂರವನ್ನು ಹೇಳುತ್ತದೆ. ಕಳೆದ ಒಂದು ಶತಮಾನದಲ್ಲಿ ಬಸವನಗುಡಿಯಿಂದ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳವರೆಗೆ ಬೆಳೆದ ದಕ್ಷಿಣ ಬೆಂಗಳೂರು ಇದನ್ನು ಪರಿಶೀಲಿಸಲು ಒದಗುವ ಒಳ್ಳೆಯ ಕ್ಷೇತ್ರ. ಅಲ್ಲಿ ನಗೆಯ ಭಾಷೆಯೂ ನಗುವ ಬಳಗವೂ ಎರಡು ಮೂರು ಸಲ ಬದಲಾಗಿವೆ.

ಪರಿಭಾಷೆ

ನಗು ಮತ್ತು ಹಾಸ್ಯ ಒಂದೇ ಅಲ್ಲ. ನಗು ದೇಹದ ಕ್ರಿಯೆ. ಕಚಗುಳಿಗೂ ಸಂಕೋಚಕ್ಕೂ ಪರಿಚಯದವರನ್ನು ಕಂಡ ಖುಷಿಗೂ ಅದು ಬರುತ್ತದೆ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಸಾರ್ವಜನಿಕ ಸ್ಥಳಗಳಲ್ಲಿ ಜನ ನಕ್ಕ 1,200 ಸಂದರ್ಭಗಳನ್ನು ದಾಖಲಿಸಿ ನೋಡಿದಾಗ, ನಗುವಿಗೆ ಮುನ್ನ ಬಂದ ಮಾತುಗಳಲ್ಲಿ ಶೇ. 10ರಿಂದ 20ರಷ್ಟು ಮಾತ್ರ ಹಾಸ್ಯಕ್ಕೆ ಹತ್ತಿರವಾಗಿದ್ದವು. ಉಳಿದವು 'ಸರಿ, ಆಮೇಲೆ ಸಿಗ್ತೀನಿ' ಎಂಬಂಥ ಸಾದಾ ಮಾತುಗಳು. ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬೈಯಲ್ಲಿ ಆರಂಭಿಸಿದ ನಗೆಕೂಟದ ಮಾದರಿ ಈ ವ್ಯತ್ಯಾಸವನ್ನೇ ಆಧರಿಸಿದೆ. ಬೆಂಗಳೂರಿನ ಉದ್ಯಾನಗಳಲ್ಲೂ ಬೆಳಗಿನ ವಾಯುವಿಹಾರದ ಹೊತ್ತಿಗೆ ಕಾಣಸಿಗುವ ಇಂಥ ಕೂಟಗಳಲ್ಲಿ ಯಾರೂ ಜೋಕು ಹೇಳುವುದಿಲ್ಲ. ಕೈ ಮೇಲೆತ್ತಿ 'ಹೊಹ್ಹೊ, ಹಹ್ಹಾ' ಎಂದು ಉಸಿರು ಬಿಡುತ್ತಾರೆ. ಅಲ್ಲಿ ನಗಲು ಹಾಸ್ಯಪ್ರಜ್ಞೆ ಬೇಕಿಲ್ಲ, ಅಲ್ಲಿ ನಗದವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದೂ ಹೇಳಲಾಗದು.

ಈ ಲೇಖನದಲ್ಲಿ ಹಾಸ್ಯವನ್ನು ಗುರುತಿಸುವ ಶಕ್ತಿಗೆ 'ಗ್ರಹಿಕೆ' ಎಂದೂ, ಹುಟ್ಟಿಸುವ ಶಕ್ತಿಗೆ 'ಸೃಷ್ಟಿ' ಎಂದೂ, ತನ್ನ ಮೇಲಿನ ನಗೆಯನ್ನು ತಾಳುವ ಶಕ್ತಿಗೆ 'ಸಹನೆ' ಎಂದೂ ಹೇಳಲಾಗಿದೆ. ವಿನೋದ, ತಮಾಷೆ, ಗೇಲಿ, ಲೇವಡಿ, ಕುಚೋದ್ಯ, ಕೊಂಕು, ಕಟಕಿ, ವಿಡಂಬನೆ ಇವೆಲ್ಲ ಹಾಸ್ಯದ ಧಾಟಿಗಳು. ಒಂದೇ ಮಾತು ಆಡಿದವರಿಗೆ ತಮಾಷೆಯಾಗಿ ಕೇಳಿದವರಿಗೆ ಲೇವಡಿಯಾಗಬಲ್ಲುದರಿಂದ, ಈ ಹೆಸರುಗಳು ಮಾತಿನ ರೂಪಕ್ಕಿಂತ ಅದು ಯಾರಿಂದ ಯಾರಿಗೆ ಹೋಯಿತು ಎಂಬುದನ್ನೇ ಹೆಚ್ಚಾಗಿ ಅವಲಂಬಿಸಿವೆ.

ಮೂಲ

ಭಾರತೀಯ ಪರಂಪರೆಯಲ್ಲಿ ಹಾಸ್ಯದ ಮೊದಲ ವ್ಯವಸ್ಥಿತ ವಿವರಣೆ ಭರತನ ನಾಟ್ಯಶಾಸ್ತ್ರದಲ್ಲಿದೆ. ಅದರ ಪ್ರಕಾರ ಹಾಸ್ಯರಸದ ಸ್ಥಾಯಿಭಾವ ಹಾಸ. ವಿಕಾರವಾದ ವೇಷ, ಮಾತು, ಚೇಷ್ಟೆಗಳಿಂದ ಅದು ಹುಟ್ಟುತ್ತದೆ. ನಗೆಯಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆ. ಮೊದಲೆರಡು ಉತ್ತಮರಿಗೆ, ನಡುವಿನವು ಮಧ್ಯಮರಿಗೆ, ಕೊನೆಯವು ಅಧಮರಿಗೆ ಎಂಬುದು ಅಲ್ಲಿನ ವಿಂಗಡಣೆ. ಹಲ್ಲು ಕಾಣದಂತೆ ಮುಗುಳ್ನಗುವವನು ದೊಡ್ಡವನು, ಪಕ್ಕೆ ಹಿಡಿದುಕೊಂಡು ನಗುವವನು ಕೆಳಗಿನವನು. ನಗುವ ಪ್ರಮಾಣದಿಂದ ಮನುಷ್ಯನ ಅಂತಸ್ತನ್ನು ಅಳೆದ ಈ ಕ್ರಮಕ್ಕೆ ಇಂದಿನ ಹಾಸ್ಯ ಸಂಜೆಗಳ ಸಭಿಕರೆಲ್ಲ ಅಧಮರೇ ಆದಾರು. ಇದೇ ಗ್ರಂಥ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದೂ ಒಡೆಯುತ್ತದೆ: ತಾನು ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ. ಗ್ರಹಿಕೆ ಮತ್ತು ಸೃಷ್ಟಿ ಬೇರೆ ಬೇರೆ ಎಂಬ ಅರಿವಿನ ಬೀಜ ಇಲ್ಲೇ ಇದೆ. ಆದರೆ ಸಹನೆಗೆ ಈ ವಿಂಗಡಣೆಯಲ್ಲಿ ಸ್ಥಾನವಿಲ್ಲ. ತನ್ನನ್ನು ನೋಡಿ ನಗಬಲ್ಲವನು ಪ್ರಬುದ್ಧ, ನಗಲಾರದವನು ಅಪೂರ್ಣ ಎಂಬ ಮೌಲ್ಯಮಾಪನ ಬಹುಮಟ್ಟಿಗೆ 19ನೆಯ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದ ಮಧ್ಯಮವರ್ಗದಲ್ಲಿ ಬಲಗೊಂಡದ್ದು. ಇಂಗ್ಲಿಷ್ ವಿದ್ಯಾಭ್ಯಾಸದ ಜೊತೆಗೆ ಅದು ಮೈಸೂರು ಸಂಸ್ಥಾನದ ಓದಿದ ಮನೆಗಳಿಗೂ ಬಂದಿತು.

ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಹಾಸ್ಯಕ್ಕೆ ಕೊರತೆಯಿಲ್ಲ. ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರ ಹೆಂಗಸರ ಮುಂದೆ ಕೌರವಸೇನೆಯನ್ನು ಕೊಚ್ಚಿಹಾಕಿ, ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಬೆನ್ನಟ್ಟಿ ಹಿಡಿದು ತರುವವಳು ಬೃಹನ್ನಳೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಇಂದಿಗೂ ಬಳಕೆಯಲ್ಲಿದೆ. ಈ ಪ್ರಸಂಗದ ನಗೆ ನಿಂತಿರುವುದು ಕೇಳುಗನಿಗೆ ಗೊತ್ತಿದ್ದು ಉತ್ತರನಿಗೆ ಗೊತ್ತಿಲ್ಲದ ಒಂದು ಸಂಗತಿಯ ಮೇಲೆ: ಬೃಹನ್ನಳೆಯೇ ಅರ್ಜುನ. ಭಾರತದ ಕಥೆ ತಿಳಿಯದವನ ಮುಂದೆ ಗಮಕಿ ಇದನ್ನು ಎಷ್ಟು ಚೆನ್ನಾಗಿ ಓದಿದರೂ ಅವನಿಗೆ ಒಬ್ಬ ಹೇಡಿ ಕಾಣುತ್ತಾನೆಯೇ ಹೊರತು ಪ್ರಸಂಗದ ಪೂರ್ತಿ ನಗೆ ದಕ್ಕುವುದಿಲ್ಲ.

ಆಧುನಿಕ ಕನ್ನಡ ನಗರ ಹಾಸ್ಯಕ್ಕೆ ರೂಪ ಕೊಟ್ಟವರು ಟಿ.ಪಿ. ಕೈಲಾಸಂ (1884–1946). ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಅವರು 'ಟೊಳ್ಳುಗಟ್ಟಿ', 'ಬಂಡ್ವಾಳ್ವಿಲ್ಲದ ಬಡಾಯಿ', 'ಪೋಲಿ ಕಿಟ್ಟಿ' ಮೊದಲಾದ ನಾಟಕಗಳಲ್ಲಿ ವಿದ್ಯಾವಂತ ಬ್ರಾಹ್ಮಣ ಮನೆಗಳ ಇಂಗ್ಲಿಷ್ ಬೆರೆತ ಆಡುಮಾತನ್ನು ಇದ್ದಂತೆಯೇ ರಂಗಕ್ಕೆ ತಂದರು. ಇಂಗ್ಲಿಷ್ ನಾಮಪದಕ್ಕೆ ಕನ್ನಡ ಪ್ರತ್ಯಯ, ಅರ್ಜಿಯ ಧಾಟಿಯ ಬಿಗುವಿನ ನಡುವೆ ಅಡುಗೆಮನೆಯ ಗೊಣಗಾಟ: ಇದು ಅವರ ಸಂಭಾಷಣೆಯ ಕಸುಬು. ಎರಡೂ ಭಾಷೆ ಬಲ್ಲವರಿಗೆ ಇದು ಇಮ್ಮಡಿ ನಗೆ, ಒಂದನ್ನೇ ಬಲ್ಲವರಿಗೆ ಅರ್ಧ ನಗೆ. ಆ ಕಾಲದಲ್ಲಿ ಕೈಲಾಸಂ ನಾಟಕ ನೋಡಿ ನಗದೆ ಎದ್ದುಹೋದ ಪ್ರೇಕ್ಷಕನಿಗೆ ಹಾಸ್ಯಪ್ರಜ್ಞೆ ಇರಲಿಲ್ಲವೆಂದು ತೀರ್ಮಾನಿಸುವ ಮೊದಲು, ಅವನಿಗೆ ಆ ಮನೆಗಳೊಳಗೆ ಪ್ರವೇಶವಿತ್ತೇ ಎಂದು ಕೇಳಬೇಕಾಗುತ್ತದೆ.

1942ರಲ್ಲಿ ವೈದ್ಯ ಡಾ. ಎಂ. ಶಿವರಾಂ (ರಾಶಿ, 1905–1984) ಬೆಂಗಳೂರಿನಿಂದ ಹೊರಡಿಸಿದ 'ಕೊರವಂಜಿ' ಮಾಸಪತ್ರಿಕೆ ಈ ಬಗೆಯ ನಗೆಯನ್ನು ರಂಗದಿಂದ ಮನೆಯ ಜಗಲಿಗೆ ತಂದಿತು. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರು ಅದರಲ್ಲಿ ಬರೆದರು; ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಅದಕ್ಕೆ ವ್ಯಂಗ್ಯಚಿತ್ರ ಬರೆದುಕೊಟ್ಟರು. ಕಸ್ತೂರಿಯವರ 'ಅನರ್ಥಕೋಶ' ನಿಘಂಟಿನ ವೇಷದ ವಿಡಂಬನೆ. ಪದದ ಸರಿಯಾದ ಅರ್ಥ ಮೊದಲೇ ಗೊತ್ತಿರುವ ಓದುಗನನ್ನು ಅದು ನಿರೀಕ್ಷಿಸುತ್ತದೆ. ಕಾಲು ಶತಮಾನ ನಡೆದು 1967ರಲ್ಲಿ 'ಕೊರವಂಜಿ' ನಿಂತಿತು. ಅದರ ಓದುಗ ಬಳಗದ ಬೀಡು 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು. 1948ರಲ್ಲಿ ಆರಂಭವಾದ ಜಯನಗರ, ಆಮೇಲಿನ ಬನಶಂಕರಿ, ಜೆ.ಪಿ. ನಗರಗಳು ಆ ಬಳಗದ ಮುಂದಿನ ತಲೆಮಾರಿಗೆ ಮನೆಯಾದವು, ಹೊರಗಿನಿಂದ ಬಂದವರಿಗೂ ಜಾಗ ಕೊಟ್ಟವು.

ರಚನೆ

ನಗೆ ಏಕೆ ಬರುತ್ತದೆ ಎಂಬುದಕ್ಕೆ ಮೂರು ಹಳೆಯ ಉತ್ತರಗಳಿವೆ. ಪ್ಲೇಟೋ ಮತ್ತು ಹಾಬ್ಸ್ ಅವರಿಂದ ಬಂದ ಮೇಲುಗೈ ಸಿದ್ಧಾಂತದ ಪ್ರಕಾರ ಇನ್ನೊಬ್ಬರ ಸೋಲಿನಲ್ಲಿ ನಮ್ಮ ಹಿರಿಮೆ ಕಂಡಾಗ ನಗುತ್ತೇವೆ. ಕಾಂಟ್, ಶೋಪೆನ್‌ಹಾವರ್ ಬೆಳೆಸಿದ ಅಸಂಗತಿ ಸಿದ್ಧಾಂತದ ಪ್ರಕಾರ ನಿರೀಕ್ಷೆಗೂ ಎದುರಾದದ್ದಕ್ಕೂ ಹೊಂದಿಕೆಯಿಲ್ಲದಾಗ ನಗುತ್ತೇವೆ. ಸ್ಪೆನ್ಸರ್ ಮತ್ತು 1905ರ ಗ್ರಂಥದಲ್ಲಿ ಫ್ರಾಯ್ಡ್ ಹೇಳಿದ ಬಿಡುಗಡೆ ಸಿದ್ಧಾಂತಕ್ಕೆ ನಗು ಎಂದರೆ ಅದುಮಿಟ್ಟ ಒತ್ತಡ ಹೊರಬರುವ ದಾರಿ. ಇಂದಿನ ಸಂಶೋಧನೆ ಹೆಚ್ಚಾಗಿ ಎರಡನೆಯದನ್ನು ಆಧಾರವಾಗಿಟ್ಟುಕೊಂಡು, ಬರಿ ಅಸಂಗತಿ ಸಾಲದು, ಅದು ಇನ್ನೊಂದು ನೆಲೆಯಲ್ಲಿ ಸರಿಹೊಂದಲೂಬೇಕು ಎನ್ನುತ್ತದೆ.

'ಸಿಲ್ಕ್ ಬೋರ್ಡ್ ಹತ್ರ ಇದ್ದೀನಿ, ಇನ್ನೈದು ನಿಮಿಷ' ಎಂಬ ಮಾತನ್ನು ಪರಿಶೀಲಿಸಬಹುದು. ಬಿ.ಟಿ.ಎಂ. ಬಡಾವಣೆಯ ಅಂಚಿನಲ್ಲಿ ಹೊಸೂರು ರಸ್ತೆಗೆ ಹೊರವರ್ತುಲ ರಸ್ತೆ ಕೂಡುವ ಈ ಜಂಕ್ಷನ್ನಿನ ವಾಹನದಟ್ಟಣೆ ನಗರದಲ್ಲೆಲ್ಲ ಹೆಸರುವಾಸಿ. ಹೊಸಬನ ಕಿವಿಗೆ ಆ ಮಾತು ಬರಿ ಮಾಹಿತಿ. ಇಲ್ಲಿನವರಿಗೆ ಮೊದಲ ಅರ್ಧವೇ ಎರಡನೆಯ ಅರ್ಧವನ್ನು ಸುಳ್ಳಾಗಿಸುತ್ತದೆ. ಹೇಳಿದವರಿಗೂ ಅದು ಗೊತ್ತು, ಕೇಳಿದವರಿಗೂ ಗೊತ್ತು, ತಡವಾಗಿದ್ದಕ್ಕೆ ಕೇಳಬೇಕಾಗಿದ್ದ ಕ್ಷಮೆ ಈ ಒಪ್ಪಿತ ಸುಳ್ಳಿನಲ್ಲೇ ಸಂದುಹೋಗುತ್ತದೆ. ಅಸಂಗತಿಯೂ ಅದರ ಪರಿಹಾರವೂ ಮಾತಿನೊಳಗಿಲ್ಲ, ಇಬ್ಬರ ತಲೆಯಲ್ಲೂ ಇರುವ ಒಂದೇ ಅನುಭವದಲ್ಲಿವೆ. ರಾಗಿಗುಡ್ಡದಿಂದ ಅಲ್ಲಿಗೆ 2024ರಲ್ಲಿ ತೆರೆದ ಎರಡಂತಸ್ತಿನ ಮೇಲ್ಸೇತುವೆ, 2025ರ ಆಗಸ್ಟಿನಲ್ಲಿ ಓಡಲಾರಂಭಿಸಿದ ಮೆಟ್ರೊ ಹಳದಿ ಮಾರ್ಗ ಮುಂದೆ ಈ ದಟ್ಟಣೆಯನ್ನು ನಿಜವಾಗಿ ಕರಗಿಸಿದರೆ ಈ ಜೋಕು ಸಾಯುತ್ತದೆ. ಯಾರ ಹಾಸ್ಯಪ್ರಜ್ಞೆಯೂ ಅದರಿಂದ ಕಡಿಮೆಯಾಗಿರುವುದಿಲ್ಲ.

ಬಗೆಗಳು

ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಹಾಸ್ಯದ ಬಳಕೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬೆಸೆಯುವ ಹಾಸ್ಯ, ತನಗೆ ಧೈರ್ಯ ತುಂಬುವ ಹಾಸ್ಯ, ಚುಚ್ಚುವ ಹಾಸ್ಯ, ತನ್ನನ್ನೇ ಹಳಿದುಕೊಳ್ಳುವ ಹಾಸ್ಯ. ಮೊದಲೆರಡು ನೆಮ್ಮದಿಯ ಜೊತೆಗೂ ಕೊನೆಯದು ಖಿನ್ನತೆ, ಆತಂಕಗಳ ಜೊತೆಗೂ ಸೇರಿ ಕಾಣಿಸಿಕೊಳ್ಳುತ್ತವೆ ಎಂಬುದು ಆ ಅಧ್ಯಯನದ ಫಲಿತ. ಹಾಗಿದ್ದಮೇಲೆ 'ಹಾಸ್ಯಪ್ರಜ್ಞೆ ಇದೆ' ಎಂಬುದಷ್ಟೇ ಹೊಗಳಿಕೆಯಾಗುವುದಿಲ್ಲ. ಚುಚ್ಚುವುದರಲ್ಲಿ ನಿಸ್ಸೀಮನಾದವನಿಗೂ ಅದು ಧಾರಾಳವಾಗಿ ಇರುತ್ತದೆ. ಕನ್ನಡದಲ್ಲಿ ತನ್ನನ್ನೇ ಗುರಿ ಮಾಡಿಕೊಂಡ ಹಾಸ್ಯಕ್ಕೆ ಬೀಚಿಯವರ (ರಾಯಸಂ ಭೀಮಸೇನರಾವ್, 1913–1980) ಆತ್ಮಕಥೆ 'ನನ್ನ ಭಯಾಗ್ರಫಿ' ಹೆಸರಿನಿಂದಲೇ ಸಾಕ್ಷಿ. ಅದು ಹಳಿದುಕೊಳ್ಳುವ ಬಗೆಯೋ ಧೈರ್ಯ ತುಂಬುವ ಬಗೆಯೋ ಎಂದು ಪ್ರಶ್ನಾವಳಿಯ ಅಂಕಗಳಿಂದ ಹೇಳುವುದು ಕಷ್ಟ. ಪತ್ರಕರ್ತ ವೈಎನ್ಕೆ (1926–1999) ಪದಗಳನ್ನು ಮುರಿದು ಕಟ್ಟಿದ ಶ್ಲೇಷೆಗಳದ್ದು ಇನ್ನೂ ಬೇರೆ ದಾರಿ. ಅವು ಯಾರನ್ನೂ ಚುಚ್ಚುವುದಿಲ್ಲ, ಭಾಷೆಯೊಡನೆ ಆಡುತ್ತವೆ. ನಾಲ್ಕು ಖಾನೆಗಳಲ್ಲಿ ಅವಕ್ಕೆ ಸರಿಯಾದ ಜಾಗವಿಲ್ಲ.

ಇಲ್ಲದಿರುವುದರ ಅರ್ಥ

ತನಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಒಪ್ಪುವವರು ಅಪರೂಪ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1961ರಲ್ಲಿ ವರದಿ ಮಾಡಿದಂತೆ, ಕೇಳಲಾದವರಲ್ಲಿ ಶೇ. 94 ಮಂದಿ ತಮ್ಮ ಹಾಸ್ಯಪ್ರಜ್ಞೆ ಸರಾಸರಿ ಮಟ್ಟದ್ದು ಅಥವಾ ಅದಕ್ಕಿಂತ ಮೇಲು ಎಂದರು. ಡನಿಂಗ್ ಮತ್ತು ಕ್ರೂಗರ್ 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ 30 ಜೋಕುಗಳ ಗುಣಮಟ್ಟ ಅಳೆಯಲು ಹೇಳಿ, ವೃತ್ತಿಪರ ಹಾಸ್ಯಗಾರರ ಅಂಕಗಳೊಡನೆ ಹೋಲಿಸಿದರು. ತೀರ ಕೆಳಗಿನ ಕಾಲುಭಾಗದಲ್ಲಿದ್ದವರೂ ತಮ್ಮನ್ನು ಸರಾಸರಿಗಿಂತ ಮೇಲೆ ಇಟ್ಟುಕೊಂಡಿದ್ದರು. ಆದ್ದರಿಂದ 'ಇಲ್ಲ' ಎಂಬುದು ಯಾವಾಗಲೂ ಎರಡನೆಯವರು ಕೊಡುವ ತೀರ್ಪು. ಕೊಡುವವರು ತಮ್ಮ ಬಳಗದ ಅಳತೆಗೋಲನ್ನೇ ಹಿಡಿದಿರುತ್ತಾರೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹಾಸ್ಯಪ್ರಜ್ಞೆ ಮಿದುಳಿನಲ್ಲಿದೆ, ಬಳಗದಲ್ಲಲ್ಲ. ಮಿದುಳಿಗೆ ಪೆಟ್ಟಾದರೆ ಅದು ಹೋಗುತ್ತದೆ ಎಂಬುದೇ ಸಾಕ್ಷ್ಯ. 1983ರಲ್ಲಿ ಬ್ರೌನೆಲ್ ಮತ್ತು ಸಂಗಡಿಗರು ಬಲ ಮಿದುಳಿಗೆ ಹಾನಿಯಾದ ರೋಗಿಗಳಿಗೆ ಅರ್ಧ ಜೋಕು ಹೇಳಿ ಕೊನೆಯನ್ನು ಆರಿಸಲು ಕೊಟ್ಟರು. ಅವರು ತಪ್ಪಿದಾಗ ಆರಿಸಿದ್ದು ನೀರಸ ಕೊನೆಗಳನ್ನಲ್ಲ, ಅನಿರೀಕ್ಷಿತವಾದರೂ ಕಥೆಗೆ ಸಂಬಂಧವಿಲ್ಲದ ಕೊನೆಗಳನ್ನು. ಜೋಕಿನ ಕೊನೆ ಅಚ್ಚರಿ ಕೊಡಬೇಕೆಂಬುದು ನೆನಪಿತ್ತು, ಆ ಅಚ್ಚರಿ ಕಥೆಯೊಡನೆ ಹೇಗೆ ಹೊಂದಬೇಕೆಂಬುದು ಕೈತಪ್ಪಿತ್ತು. ಶಮ್ಮಿ ಮತ್ತು ಸ್ಟಸ್ 1999ರಲ್ಲಿ ಬಲ ಮುಂಗಡೆ ಮಿದುಳಿನ ಹಾನಿಗೂ ಹಾಸ್ಯಗ್ರಹಿಕೆಯ ನಷ್ಟಕ್ಕೂ ನಂಟು ತೋರಿಸಿದರು. ಇವುಗಳನ್ನು ಒಪ್ಪಲೇಬೇಕು: ಗ್ರಹಿಕೆಗೆ ದೇಹದ ತಳಹದಿಯಿದೆ, ಅದು ಕುಸಿದಾಗ ಯಾವ ಬಳಗವೂ ನೆರವಿಗೆ ಬಾರದು. ಆದರೆ ದಿನನಿತ್ಯ 'ಹಾಸ್ಯಪ್ರಜ್ಞೆ ಇಲ್ಲದವರು' ಎನಿಸಿಕೊಳ್ಳುವವರು ಮಿದುಳಿನ ರೋಗಿಗಳಲ್ಲ. ಕಚೇರಿಯಲ್ಲಿ ಇಂಗ್ಲಿಷಿನ ಮೂರು ವಾಕ್ಯಕ್ಕಿಂತ ಹೆಚ್ಚು ಆಡದೆ ಮುಖ ಗಂಟು ಹಾಕಿಕೊಂಡಿರುವ ವ್ಯಕ್ತಿ ಸಂಜೆ ತನ್ನ ಊರಿನವರ ನಡುವೆ ಧಾರವಾಡದ ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ನಗೆಯ ಬುಗ್ಗೆಯಾಗಬಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಸೇರಿ ಹೆಸರಾದ ಬಿ.ಟಿ.ಎಂ. ಬಡಾವಣೆಯ ಪೀಜಿಗಳಲ್ಲಿ ಹತ್ತು ಕಡೆಯ ಹುಡುಗರು ಒಂದೇ ಮೇಜಿನಲ್ಲಿ ಉಣ್ಣುವಾಗ ಇದು ನಿತ್ಯದ ಸಂಗತಿ. ಎರಡನೆಯ ಭಾಷೆಯಲ್ಲಿ ಮೊದಲು ಕೈಕೊಡುವುದು ಸೃಷ್ಟಿ, ಗ್ರಹಿಕೆ ಸ್ವಲ್ಪ ತಡವಾಗಿಯಾದರೂ ಬರುತ್ತದೆ; ಆದರೆ ಹಾಸ್ಯದಲ್ಲಿ ತಡ ಎಂದರೆ ಇಲ್ಲ ಎಂದೇ ಲೆಕ್ಕ.

ಸಹನೆಯ ಕೊರತೆಯದ್ದು ಬೇರೆಯೇ ಲೆಕ್ಕ. ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರೆಂದು ಕುಗ್ಗುವ ಸ್ಥಿತಿಯನ್ನು ಮನಶ್ಶಾಸ್ತ್ರದಲ್ಲಿ ನಗೆಗೀಡಾಗುವ ಭಯವೆಂದು ಗುರುತಿಸಲಾಗಿದೆ. ವಿಲಿಬಾಲ್ಡ್ ರುಖ್ ಮತ್ತು ಅವರ ಜೊತೆಗಾರರು ಅದನ್ನು ಅಳೆಯುವ ವಿಧಾನ ರೂಪಿಸಿದ್ದಾರೆ. ಇಂಥವರು ಜೋಕನ್ನು ಗ್ರಹಿಸುವುದರಲ್ಲಿ ಹಿಂದೆ ಬಿದ್ದಿರಬೇಕಿಲ್ಲ. ಇನ್ನೊಂದು ಗುಂಪಿನವರಿಗೆ ಕೊರತೆಯೇ ಇರುವುದಿಲ್ಲ, ಆರೋಪ ಮಾತ್ರ ಇರುತ್ತದೆ. ಹೆಂಡತಿಯ ಅಡುಗೆ, ಅತ್ತೆಯ ಬಾಯಿ, ಹೆಣ್ಣಿನ ಸೀರೆಯ ಆಸೆ ಇವು ಗಂಡಸರು ಬರೆದ ಹಾಸ್ಯಕ್ಕೆ ದಶಕಗಳ ಕಾಲ ಸಿದ್ಧ ಸರಕಾಗಿದ್ದವು. ನಗದ ಹೆಂಗಸಿಗೆ 'ತಮಾಷೆ ಗೊತ್ತಾಗಲ್ಲ' ಎಂಬ ಬಿರುದು ಕಾದಿರುತ್ತಿತ್ತು. ಟಿ. ಸುನಂದಮ್ಮ (1917–2006) ಅದೇ ಸಂಸಾರವನ್ನು ಮನೆಯೊಡತಿಯ ಕಡೆಯಿಂದ ನೋಡಿ ಬರೆದು ಓದುಗರನ್ನು ನಗಿಸಿದರು. ಹಾಸ್ಯವಿಲ್ಲದ್ದು ಹೆಂಗಸರಲ್ಲಲ್ಲ, ಅವರ ಕಡೆಯಿಂದ ಹೇಳಿದ ಹಾಸ್ಯಕ್ಕೆ ಪುಟ ಸಿಕ್ಕಿರಲಿಲ್ಲ ಎಂಬುದು ಅಲ್ಲಿಗೆ ಸಾಬೀತಾಯಿತು. ಜಾತಿ, ಕಸುಬು, ಉಚ್ಚಾರಣೆಗಳ ಮೇಲಿನ ಗೇಲಿಯ ವಿಷಯದಲ್ಲೂ ಇದೇ ವಾದ ಸಲ್ಲುತ್ತದೆ.

ಹಾಗಾದರೆ ಹಾಸ್ಯಪ್ರಜ್ಞೆ ಇಲ್ಲದವರು ಲೋಕದಲ್ಲೇ ಇಲ್ಲವೇ ಎಂದು ಕೇಳಬಹುದು. ಇದ್ದಾರೆ. ಸ್ವಂತ ಭಾಷೆಯಲ್ಲಿ, ಸಲಿಗೆಯ ಬಳಗದಲ್ಲಿ, ತನಗಿಂತ ಕೆಳಗಿನವರು ಸೌಮ್ಯವಾಗಿ ಆಡಿದ ಮಾತನ್ನೂ ಅವಮಾನವೆಂದೇ ಎಣಿಸುವವರಿಗೆ ಸಹನೆ ಇಲ್ಲವೆಂದು ಹೇಳಲು ಅಡ್ಡಿಯಿಲ್ಲ. ಬಳಗದ ದೂರ, ಭಾಷೆಯ ತೊಡಕು, ಗುರಿಯಾದವರ ನೋವು ಈ ಮೂರನ್ನೂ ಕಳೆದ ಮೇಲೆ ಉಳಿಯುವುದು ಮಾತ್ರ ನಿಜವಾದ ಕೊರತೆ. ಅದು ಕೆಳಗಿರುವವರಿಗಿಂತ ಅಧಿಕಾರದಲ್ಲಿರುವವರಲ್ಲಿ ಹೆಚ್ಚು ಬೇಗ ಕಣ್ಣಿಗೆ ಬೀಳುತ್ತದೆ, ಏಕೆಂದರೆ ಕೆಳಗಿನವರಿಗೆ ನಗದೆ ಇರುವ ಸ್ವಾತಂತ್ರ್ಯವೇ ಕಡಿಮೆ; ಮೇಲಧಿಕಾರಿಯ ಹಳಸಿದ ಜೋಕಿಗೂ ಅವರು ನಕ್ಕೇ ನಗುತ್ತಾರೆ.

ಉಪಯೋಗಗಳು

ಹಾಸ್ಯಪ್ರಜ್ಞೆ ಸಂಬಂಧಗಳನ್ನು ಸಡಿಲಗೊಳಿಸುತ್ತದೆ, ಹೇಳಲಾರದ್ದನ್ನು ಹೇಳಲು ಅವಕಾಶ ಕೊಡುತ್ತದೆ, ನೋವನ್ನು ಕೆಲಹೊತ್ತು ದೂರವಿಡುತ್ತದೆ. 'ನಗು ದಿವ್ಯೌಷಧ' ಎಂಬ ಪ್ರಚಾರ ಮಾತ್ರ ಸಾಕ್ಷ್ಯವನ್ನು ಮೀರಿದ್ದು. ನಗುವಿನಿಂದ ನೋವು ಸಹಿಸುವ ಶಕ್ತಿ ತಾತ್ಕಾಲಿಕವಾಗಿ ಹೆಚ್ಚುವುದಕ್ಕೆ ಆಧಾರಗಳಿವೆ, ರೋಗ ವಾಸಿಯಾಗುವುದಕ್ಕೆ ಅಂಥ ಬಲವಾದ ಆಧಾರಗಳಿಲ್ಲ. ಹಾಸ್ಯ ಪತ್ರಿಕೆಯ ಸಂಪಾದಕರೂ ವೈದ್ಯರೂ ಆಗಿದ್ದ ರಾಶಿಯವರು ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆಯುವಾಗ ಗಂಭೀರ ಗ್ರಂಥವನ್ನೇ ಬರೆದರು. ಅವರ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾರ್ವಜನಿಕ ಜೀವನದಲ್ಲಿ ಹಾಸ್ಯದ ಬಳಕೆಗೆ ಮಾಸ್ಟರ್ ಹಿರಣ್ಣಯ್ಯನವರ (1934–2019) 'ಲಂಚಾವತಾರ' ದೊಡ್ಡ ನಿದರ್ಶನ. ಆ ದಿನದ ಸುದ್ದಿಯನ್ನೂ ರಾಜಕಾರಣಿಗಳನ್ನೂ ರಂಗದ ಮೇಲೇ ಎಳೆದು ತರುತ್ತಿದ್ದ ಆ ನಾಟಕ ದಶಕಗಳ ಕಾಲ ಸಾವಿರಾರು ಪ್ರದರ್ಶನ ಕಂಡಿತು. ಲಂಚ ನಿಂತಿತೇ ಎಂಬುದು ನಾಟಕಕ್ಕೆ ಹಾಕಬಹುದಾದ ಪರೀಕ್ಷೆಯಲ್ಲ. ಲಂಚ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಸಭಾಂಗಣದಲ್ಲಿ ಕುಳಿತು ಒಂದೇ ಮಾತಿಗೆ ನಗುವ ಸಂದರ್ಭವನ್ನು ಅದು ಒದಗಿಸಿತು.

ಇಂದಿನ ಸ್ಥಿತಿ

'ಕೊರವಂಜಿ'ಯ ಪರಂಪರೆಯನ್ನು 1983ರಲ್ಲಿ ಆರಂಭವಾದ 'ಅಪರಂಜಿ' ಮಾಸಪತ್ರಿಕೆ ಮುಂದುವರಿಸಿತು. ಗಣೇಶೋತ್ಸವ, ರಾಜ್ಯೋತ್ಸವಗಳ ಪೆಂಡಾಲುಗಳಲ್ಲಿ ಹಾಸ್ಯ ಭಾಷಣ ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಗಂಗಾವತಿ ಪ್ರಾಣೇಶ್, ಪ್ರೊ. ಎಂ. ಕೃಷ್ಣೇಗೌಡ ಮೊದಲಾದವರು ಉತ್ತರ ಕರ್ನಾಟಕದ ಮತ್ತು ಹಳೇ ಮೈಸೂರಿನ ಆಡುಮಾತುಗಳನ್ನು ರಾಜಧಾನಿಯ ಸಭೆಗಳಿಗೆ ಪರಿಚಯಿಸಿದ್ದಾರೆ. ಕೈಲಾಸಂ ಕಾಲದಲ್ಲಿ ನಗೆಪಾಟಲಾಗಬಹುದಾಗಿದ್ದ ಊರ ಮಾತು ಈಗ ನಗಿಸುವವರ ಮಾತಾಗಿದೆ. ಬಳಗ ಅಗಲವಾದಂತೆ ಯಾರು ಯಾರನ್ನು ನೋಡಿ ನಗುತ್ತಾರೆ ಎಂಬುದೂ ಬದಲಾಗಿದೆ. ಶಂಕರ್ ನಾಗ್ ನೆನಪಿಗೆ 2004ರಲ್ಲಿ ಜೆ.ಪಿ. ನಗರದಲ್ಲಿ ತೆರೆದ ರಂಗಶಂಕರದಲ್ಲಿ ಕನ್ನಡದ ಹಾಸ್ಯ ನಾಟಕಗಳು ಇತರ ಭಾಷೆಯ ನಾಟಕಗಳ ಜೊತೆ ಒಂದೇ ರಂಗವನ್ನು ಹಂಚಿಕೊಳ್ಳುತ್ತವೆ.

ನಗರದ ಸ್ಟ್ಯಾಂಡ್‌ಅಪ್ ಹಾಸ್ಯ ಬಹುಕಾಲ ಇಂಗ್ಲಿಷ್ ಮತ್ತು ಹಿಂದಿಯಲ್ಲೇ ನಡೆಯುತ್ತಿತ್ತು. ಲೋಲ್‌ಬಾಗ್‌ನಂಥ ತಂಡಗಳು ಅದನ್ನು ಕನ್ನಡಕ್ಕೆ ತಂದಿವೆ. ಅವರ ಸರಕು ಮನೆಮಾಲೀಕರ ಅಡ್ವಾನ್ಸು, ಆಟೋ ಮೀಟರು, ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪು. ಭಾಷೆ ಮತ್ತೆ ಇಂಗ್ಲಿಷ್ ಬೆರೆತ ಕನ್ನಡ. ಆದರೆ ಕೈಲಾಸಂ ಪ್ರೇಕ್ಷಕರು ಎರಡೂ ಭಾಷೆಗಳನ್ನು ಒಂದೇ ಮನೆಯಲ್ಲಿ ಕಲಿತವರು, ಈಗಿನವರು ಒಂದನ್ನು ಮನೆಯಲ್ಲೂ ಇನ್ನೊಂದನ್ನು ಕಚೇರಿಯಲ್ಲೂ ಮೂರನೆಯದನ್ನು ಪೀಜಿಯಲ್ಲೂ ಕಲಿತವರು. ಹಾಗಾಗಿ ವೇದಿಕೆ ಏರಿದವರು ಜೋಕು ಶುರುಮಾಡುವ ಮೊದಲು ಮುಂದಿನ ಸಾಲಿನವರನ್ನು ಯಾವ ಊರು, ಬೆಂಗಳೂರಿಗೆ ಬಂದು ಎಷ್ಟು ದಿನವಾಯಿತು ಎಂದು ವಿಚಾರಿಸಿಕೊಂಡು, ಯಾವ ಜೋಕು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಅಲ್ಲೇ ನಿಂತು ತೀರ್ಮಾನಿಸುತ್ತಾರೆ.